ಬಣ್ಣ ಮೈಯದಲ್ಲ, ಭಾವದ್ದು

ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ಹಳೆಯ ವರ್ಣಚಿತ್ರಗಳಿವೆ. ಪಾರ್ಶ್ವನಾಥ ತೀರ್ಥಂಕರರ ಚರಿತೆಯ ದೃಶ್ಯಗಳು, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಮೊದಲಾದ ಚಿತ್ರಗಳ ನಡುವೆ ಅಡವಿಯ ಒಂದು ಮರವೂ ಇದೆ. ಅದರೊಡನೆ ಆರು ಮಂದಿ. ಅಕ್ಷರ ಬಾರದ ಮಗುವೂ ನಿಂತು ಓದಬಲ್ಲ ಚಿತ್ರವದು.

ಕತೆ ಚಿಕ್ಕದು. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಆರು ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಬುಡಸಹಿತ ಕಡಿದುಬಿಡೋಣವೆಂದು ಒಬ್ಬನು ಬಗೆಯುತ್ತಾನೆ. ಕಾಂಡ ಸಾಕೆಂದು ಎರಡನೆಯವನು, ದೊಡ್ಡ ಕೊಂಬೆ ಸಾಕೆಂದು ಮೂರನೆಯವನು, ಸಣ್ಣ ರೆಂಬೆ ಸಾಕೆಂದು ನಾಲ್ಕನೆಯವನು. ಹಣ್ಣನ್ನಷ್ಟೇ ಕಿತ್ತುಕೊಳ್ಳೋಣವೆಂಬುದು ಐದನೆಯವನ ಎಣಿಕೆ. ಆರನೆಯವನಾದರೋ ನೆಲಕ್ಕೆ ಬಿದ್ದ ಹಣ್ಣುಗಳಲ್ಲಿಯೇ ತೃಪ್ತ. ಹಸಿವು ಎಲ್ಲರಿಗೂ ಒಂದೇ. ಆ ಹಸಿವಿಗಾಗಿ ಇನ್ನೊಂದು ಜೀವಕ್ಕೆ ಎಷ್ಟು ನೋವು ಕೊಡಲು ಸಿದ್ಧರೆಂಬುದರಲ್ಲಿ ಅಂತರವಿದೆ.

ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಲೇಶ್ಯೆಗಳನ್ನು ತಿಳಿಸಲು ಈ ದೃಷ್ಟಾಂತ ಬಂದಿದೆ. ಕಷಾಯಗಳಿಂದ ಬಣ್ಣಗೊಂಡ ಮನೋವಾಕ್ಕಾಯಗಳ ಪ್ರವೃತ್ತಿಯೇ ಭಾವಲೇಶ್ಯೆ. ಕೃಷ್ಣ, ನೀಲ, ಕಾಪೋತಗಳು ಅಶುಭ. ಪೀತ, ಪದ್ಮ, ಶುಕ್ಲಗಳು ಶುಭ. ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖ ಎಂದು ಆರು ವರ್ಣಗಳಿಗೂ ಕಣ್ಣಿಗೆ ಕಾಣುವ ಹೋಲಿಕೆಗಳಿವೆ. ಕಾಣದ ಮನಸ್ಸನ್ನು ಕಾಣುವ ಬಣ್ಣದಲ್ಲಿ ಹೇಳಿದ ಈ ತತ್ತ್ವವು ಮಕ್ಕಳ ಚಿತ್ರಪುಸ್ತಕಕ್ಕೆ ಸಹಜವಾಗಿಯೇ ಒದಗುತ್ತದೆ. ಎಚ್ಚರ ತಪ್ಪುವುದೂ ಅಲ್ಲಿಯೇ.

ಚಿತ್ರಪುಸ್ತಕಗಳ ಅಧ್ಯಯನವು ಇಂದು ಒಂದು ಶಾಸ್ತ್ರವಾಗಿ ಬೆಳೆದಿದೆ. ಕೆನಡಾದ ವಿದ್ವಾಂಸ ಪೆರಿ ನೋಡಲ್‌ಮನ್ 1988ರಲ್ಲಿ ಇದೇ ವಿಷಯದ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಥ ಅಧ್ಯಯನಗಳು ಕಲಿಸುವ ಪಾಠವೊಂದಿದೆ: ಚಿತ್ರವು ಮಾತಿನ ನೆರಳಲ್ಲ, ಮಾತು ಹೇಳದುದನ್ನೂ ಅದು ಹೇಳುತ್ತದೆ, ಕೆಲವೊಮ್ಮೆ ಮಾತಿಗೆ ವಿರುದ್ಧವಾದುದನ್ನೂ. ದೊಡ್ಡವರು ಸಾಲುಗಳನ್ನು ಓದುತ್ತಿರುವಾಗ ಮಗು ಚಿತ್ರವನ್ನು ಓದುತ್ತಿರುತ್ತದೆ.

ಈ ಮಾತನ್ನು ಲೇಶ್ಯಾವೃಕ್ಷಕ್ಕೆ ಅನ್ವಯಿಸಿ ನೋಡೋಣ. ಹಲವು ಚಿತ್ರಗಳಲ್ಲಿ ಬುಡ ಕಡಿಯುವವನ ಮೈಗೆ ಕಪ್ಪು ಬಳಿಯುತ್ತಾರೆ. ಬಿದ್ದ ಹಣ್ಣನ್ನು ಆಯುವವನಿಗೆ ಬಿಳಿ. ತತ್ತ್ವ ಬಲ್ಲವರಿಗೆ ಇದು ಕೇವಲ ಸಂಕೇತ. ಐದು ವರ್ಷದ ಮಗುವಿಗೆ ಹಾಗಲ್ಲ. ಕೆಳಗಿನ ಸಾಲು ಅಹಿಂಸೆಯನ್ನು ಬೋಧಿಸುತ್ತಿರುವಾಗಲೇ, ಕಪ್ಪಗಿನವನು ಕೆಟ್ಟವನು, ಬೆಳ್ಳಗಿನವನು ಒಳ್ಳೆಯವನು ಎಂದು ಚಿತ್ರ ಕಲಿಸಿಬಿಡಬಹುದು. ತನ್ನ ಮೈಬಣ್ಣವನ್ನು ಆ ಪುಟದೊಡನೆ ಹೋಲಿಸಿಕೊಂಡ ಮಗುವಿಗೆ ಆಗುವ ಗಾಯವೂ ಹಿಂಸೆಯೇ ಅಲ್ಲವೇ?

ಇದಕ್ಕೆ ಉತ್ತರ ಆಗಮದಲ್ಲಿಯೇ ಇದೆ. ಜೈನಾಚಾರ್ಯರು ದ್ರವ್ಯಲೇಶ್ಯೆಯನ್ನೂ ಭಾವಲೇಶ್ಯೆಯನ್ನೂ ಬೇರೆಬೇರೆಯಾಗಿ ಹೇಳಿದ್ದಾರೆ. ದ್ರವ್ಯಲೇಶ್ಯೆಯೆಂದರೆ ಶರೀರದ ಬಣ್ಣ. ಅದು ನಾಮಕರ್ಮದ ಫಲ. ಭಾವಲೇಶ್ಯೆಯೆಂದರೆ ಪರಿಣಾಮಗಳ ಬಣ್ಣ. ಒಂದರಿಂದ ಇನ್ನೊಂದನ್ನು ಅಳೆಯಲಾಗದು. ಮುನಿಸುವ್ರತ ಮತ್ತು ನೇಮಿನಾಥ ತೀರ್ಥಂಕರರು ಶ್ಯಾಮವರ್ಣದವರು. ಚಂದ್ರಪ್ರಭ ಮತ್ತು ಪುಷ್ಪದಂತರು ಶ್ವೇತವರ್ಣದವರು. ಮೈಬಣ್ಣ ಬೇರೆಯಾದರೂ ಅವರ ವೀತರಾಗತೆಯಲ್ಲಿ ಎಳ್ಳಷ್ಟೂ ಭೇದವಿಲ್ಲ.

ಎರಡನೆಯ ಎಚ್ಚರ ಕತೆ ಹೇಳುವ ಹಿರಿಯರಿಗೆ. ‘ನೋಡು, ಬುಡ ಕಡಿಯುವ ಇವನೇ ನೀನು’ ಎಂದು ತಂಟೆ ಮಾಡಿದ ಮಗುವಿಗೆ ಬೆರಳಿಟ್ಟು ತೋರಿಸಿದರೆ ಕತೆ ಅಲ್ಲಿಗೇ ಸತ್ತಂತೆ. ಸಿದ್ಧಾಂತವೂ ಇದನ್ನು ಒಪ್ಪದು. ಮನುಷ್ಯರಲ್ಲಿ ಸಾಮಾನ್ಯವಾಗಿ ಒಂದು ಭಾವಲೇಶ್ಯೆ ನಿಲ್ಲುವ ಕಾಲ ಅಂತರ್ಮುಹೂರ್ತ ಮಾತ್ರ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತ ಅದಕ್ಕಿಂತಲೂ ಕಡಿಮೆ. ಒಂದು ಗಳಿಗೆಯಲ್ಲಿ ಮಾಸುವ ಬಣ್ಣವನ್ನು ಮಗುವಿಗೆ ಜೀವಮಾನದ ಹೆಸರಾಗಿ ಅಂಟಿಸಲು ನಮಗೇನು ಅಧಿಕಾರ? ತಮ್ಮನ ಕೈಯಿಂದ ಆಟಿಕೆಯನ್ನು ಕಸಿದ ಮಗುವೇ ತುಸು ಹೊತ್ತಿನಲ್ಲಿ ಅವನಿಗೆ ತನ್ನ ಹಣ್ಣಿನಲ್ಲಿ ಪಾಲು ಕೊಡುತ್ತದೆ. ಮರದ ಬಳಿಯ ಆರೂ ಮಂದಿ ನಮ್ಮೊಳಗೇ ಇದ್ದಾರೆ. ಶುಕ್ಲವೂ ಕೊನೆಯ ನೆಲೆಯಲ್ಲ. ಸಿದ್ಧಪರಮೇಷ್ಠಿಗಳಿಗೆ ಯಾವ ಲೇಶ್ಯೆಯೂ ಇಲ್ಲ.

ಹೀಗಿರುವಾಗ ಈ ಕತೆಯನ್ನು ಮಕ್ಕಳಿಗಾಗಿ ಹೊಸದಾಗಿ ಬರೆಯುವವರು ಆರು ಬಣ್ಣದ ಆರು ಮೈಗಳ ಬದಲು ಒಂದೇ ಹುಡುಗಿಯನ್ನು ಆರು ಪುಟಗಳಲ್ಲಿ ಬರೆಯಬಹುದು. ಮೈಬಣ್ಣ, ಮುಖ, ಹಸಿವು ಅವೇ ಇರಲಿ. ಅವಳ ಸುತ್ತಲಿನ ಆಕಾಶದ ಬಣ್ಣ ಮಾತ್ರ ಪುಟದಿಂದ ಪುಟಕ್ಕೆ ದುಂಬಿಯ ಕಪ್ಪಿನಿಂದ ಶಂಖದ ಬಿಳುಪಿನವರೆಗೆ ತಿಳಿಯಾಗುತ್ತ ಹೋಗಲಿ. ನೀತಿಯ ಸಾಲನ್ನು ಕೊನೆಗೆ ಸೇರಿಸಬೇಕಾಗಿಲ್ಲ. ವನಸ್ಪತಿಯೂ ಸ್ಪರ್ಶವನ್ನರಿಯುವ ಏಕೇಂದ್ರಿಯ ಜೀವವೆಂದು ಮುಂದೊಂದು ದಿನ ಪಾಠಶಾಲೆಯಲ್ಲಿ ಕಲಿಯುವ ಮಗು, ‘ಮರಕ್ಕೆ ನೋವಾಗುವುದಿಲ್ಲವೇ?’ ಎಂದು ಇಂದೇ ಚಿತ್ರದ ಮುಂದೆ ಕೇಳಬಹುದು. ಆ ಪ್ರಶ್ನೆಗೆ ಪುಸ್ತಕದಲ್ಲಿ ಒಂದಿಷ್ಟು ಬರಿದಾದ ಜಾಗವಿರಲಿ, ಓದಿ ಹೇಳುವವರಲ್ಲಿ ಒಂದಿಷ್ಟು ಮೌನವಿರಲಿ.