ಮೈತೂಕ ತಗ್ಗಿಸಲು ಮಿತಾಹಾರ ಮತ್ತು ನಡಿಗೆ

ಮದುವೆಯಾದ ಕೆಲವು ವರ್ಷಗಳಲ್ಲಿ ಗಂಡನಿಗೆ ಹೊಟ್ಟೆ ಬರುವುದನ್ನೂ, ಒಂದೆರಡು ಹೆರಿಗೆಗಳ ತರುವಾಯ ಹೆಂಡತಿಯ ಮೈ ತುಂಬಿಕೊಳ್ಳುವುದನ್ನೂ ಅನುಕೂಲಸ್ಥಿತಿಯ ಲಕ್ಷಣವೆಂದು ಭಾವಿಸುವುದು ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಆದರೆ ಸೊಂಟದ ಸುತ್ತ ಶೇಖರವಾಗುವ ಬೊಜ್ಜು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆ ಹಾಗೂ ಮಂಡಿನೋವಿಗೆ ದಾರಿ ಮಾಡಿಕೊಡುತ್ತದೆ. ಇವು ಪಟ್ಟಣದವರ ಕಾಯಿಲೆಗಳೆಂಬ ಮಾತು ಇಂದು ಸಲ್ಲದು.

ನಿಮ್ಮ ಮೈತೂಕ ಹೆಚ್ಚಾಗಿದೆಯೇ ಎಂದು ತಿಳಿಯಲು ತಕ್ಕಡಿಯೇ ಬೇಕೆಂದಿಲ್ಲ. ನಿಮ್ಮ ಎತ್ತರದಷ್ಟು ಉದ್ದದ ದಾರವೊಂದನ್ನು ತೆಗೆದುಕೊಂಡು ಎರಡಾಗಿ ಮಡಚಿರಿ. ಮಡಚಿದ ದಾರ ನಿಮ್ಮ ಹೊಟ್ಟೆಯ ಸುತ್ತ ಸುತ್ತಿದಾಗ ತುದಿಗಳು ಕೂಡದಿದ್ದರೆ ಬೊಜ್ಜು ಮಿತಿಮೀರಿದೆ ಎಂದರ್ಥ. ಅಳತೆಪಟ್ಟಿ ಇದ್ದವರು ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಂಬ ಮಿತಿಯನ್ನು ನೆನಪಿಡಬಹುದು.

ಬೊಜ್ಜು ಬೆಳೆಯಲು ಕಾರಣವೇನು? ನೇಗಿಲು ಹಿಡಿದು ಉಳುತ್ತಿದ್ದ, ಬಾವಿಯಿಂದ ನೀರು ಸೇದುತ್ತಿದ್ದ, ಒರಳಿನಲ್ಲಿ ರುಬ್ಬುತ್ತಿದ್ದ ಕಾಲದಲ್ಲಿ ಎರಡು ಮುದ್ದೆ, ಮೇಲೊಂದು ಬಟ್ಟಲು ಅನ್ನ ದುಡಿಮೆಗೆ ತಕ್ಕ ಊಟವಾಗಿತ್ತು. ಇಂದು ಟ್ರ್ಯಾಕ್ಟರು, ನಲ್ಲಿ, ಮಿಕ್ಸಿ, ಮೋಟಾರು ಬೈಕುಗಳು ಬಂದಿವೆ. ದುಡಿಮೆ ಇಳಿಯಿತು, ಮುದ್ದೆಯ ಗಾತ್ರ ಮಾತ್ರ ಇಳಿಯಲಿಲ್ಲ. ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಸಕ್ಕರೆಯಾಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಸಂಗ್ರಹವಾಗುತ್ತದೆ. ಆ ಉಗ್ರಾಣ ಚಿಕ್ಕದು. ಅದು ತುಂಬಿ ಮಿಕ್ಕದ್ದು ಕೊಬ್ಬಾಗಿ ಮಾರ್ಪಡುತ್ತದೆ.

ರಾಗಿಯನ್ನು ಎಷ್ಟು ತಿಂದರೂ ಚಿಂತೆಯಿಲ್ಲವೆಂದು ಅನೇಕರು ನಂಬಿರುತ್ತಾರೆ. ರಾಗಿ ಉತ್ತಮ ಧಾನ್ಯವೇ ಸರಿ. ಸುಣ್ಣದ ಅಂಶವೂ ನಾರಿನ ಅಂಶವೂ ಅದರಲ್ಲಿ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ರಾಗಿಯಲ್ಲಿಯೂ ಸುಮಾರು 67 ಗ್ರಾಂ ಇರುತ್ತದೆ. ಆದ್ದರಿಂದ ಅನ್ನವನ್ನು ಬಿಟ್ಟು ಎರಡು ಮುದ್ದೆಗೆ ಮೂರನೆಯದನ್ನು ಸೇರಿಸಿಕೊಂಡರೆ ತೂಕ ಇಳಿಯದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ದಿನಕ್ಕೆ 2000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಇಡೀ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು ಸಾಕು. ನಮ್ಮ ಬಹುಪಾಲು ಮನೆಗಳಲ್ಲಿ ಧಾನ್ಯ ಇದಕ್ಕಿಂತ ಹೆಚ್ಚು, ಕಾಳು ತೀರ ಕಡಿಮೆ. ಧಾನ್ಯವನ್ನು ಪೂರ್ತಿ ತ್ಯಜಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಹಾಗೆ ಮಾಡಿದವರು ಹೆಚ್ಚು ದಿನ ನಿಲ್ಲುವುದೂ ಇಲ್ಲ. ಮೊದಲ ಹದಿನೈದು ದಿನ ಅನ್ನ ಮುದ್ದೆಗಳಲ್ಲಿ ಕಾಲು ಭಾಗ ತಗ್ಗಿಸಿರಿ. ಅನಂತರ ಅರ್ಧದವರೆಗೆ ಇಳಿಸಬಹುದು. ತೆರವಾದ ಜಾಗಕ್ಕೆ ಬಸ್ಸಾರಿನ ಸೊಪ್ಪು ಪಲ್ಯ, ಮೊಳಕೆ ಕಟ್ಟಿದ ಹೆಸರುಕಾಳು, ಅಲಸಂದೆ, ಮೊಟ್ಟೆ, ಮಜ್ಜಿಗೆ ಬರಲಿ. ದುಬಾರಿ ಎನ್ನುವವರಿಗೆ ಹುರುಳಿಯಿದೆ. ಅದರಲ್ಲಿ ನೂರಕ್ಕೆ ಸುಮಾರು 22 ಭಾಗ ಸಸಾರಜನಕ. ಕಟ್ಟನ್ನಷ್ಟೇ ಬಸಿದು ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ಪದ್ಧತಿಯಿದ್ದರೆ ಬಿಡಿರಿ. ಎರಡು ಚಮಚ ಸಕ್ಕರೆ ಹಾಕಿದ ಟೀಯನ್ನು ದಿನಕ್ಕೆ ನಾಲ್ಕು ಸಲ ಕುಡಿಯುವವರ ಹೊಟ್ಟೆಗೆ ಅದರಿಂದಲೇ ಸುಮಾರು 40 ಗ್ರಾಂ ಸಕ್ಕರೆ ಸೇರುತ್ತದೆ. ಬೆಲ್ಲವೂ ಈ ಲೆಕ್ಕಕ್ಕೆ ಹೊರತಲ್ಲ.

ಇಲ್ಲಿ ಗಂಡಂದಿರಿಗೆ ಒಂದು ಮಾತು. ನಮ್ಮಲ್ಲಿ ಮನೆಯೊಡತಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಅಷ್ಟರಲ್ಲಿ ಸಾರಿನ ಕಾಳು, ಪಲ್ಯ, ಮೊಟ್ಟೆ ಮುಗಿದಿರುತ್ತವೆ. ಉಳಿಯುವುದು ಅನ್ನ ಮತ್ತು ತಿಳಿ ಸಾರು. ಅನ್ನ ಕೆಡಬಾರದೆಂದು ಅದನ್ನೂ ಅವಳೇ ಮುಗಿಸುತ್ತಾಳೆ. ಮೈ ದಪ್ಪವಿದ್ದೂ ರಕ್ತಹೀನತೆಯಿಂದ ಏದುಸಿರು ಬಿಡುವ ಹೆಂಗಸರು ನಮ್ಮಲ್ಲಿರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಇಬ್ಬರೂ ಒಟ್ಟಿಗೆ ಕುಳಿತು ಉಣ್ಣಿರಿ. ಅದು ಸಾಧ್ಯವಾಗದ ಮನೆಯಲ್ಲಿ ಕಾಳು ಪಲ್ಯಗಳಲ್ಲಿ ಅವಳ ಪಾಲನ್ನು ಮೊದಲೇ ತೆಗೆದಿಡತಕ್ಕದ್ದು. ಅತ್ತೆಯವರಿಗೆ ಇದನ್ನು ತಿಳಿಸಿ ಹೇಳುವ ಹೊಣೆ ಸೊಸೆಯದಲ್ಲ, ಮಗನದು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮೈ ಊದಿಕೊಳ್ಳುತ್ತದೆಂಬ ಭಯ ಇಂದಿಗೂ ಇದೆ. ಈ ಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯಗಳು ಎಂದಿನಂತೆ ಕೆಲಸ ಮಾಡುತ್ತವೆ. ತೂಕ ಏರಿದರೆ ಅದಕ್ಕೆ ವಯಸ್ಸು, ಊಟ, ಕಡಿಮೆಯಾದ ಓಡಾಟಗಳೇ ಕಾರಣ. ಪುರುಷರ ಶಸ್ತ್ರಚಿಕಿತ್ಸೆಗೂ ಈ ಮಾತು ಅನ್ವಯಿಸುತ್ತದೆ. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರ ಚುಚ್ಚುಮದ್ದಿನಿಂದ ಮಾತ್ರ ಕೆಲವರಲ್ಲಿ ತೂಕ ಸ್ವಲ್ಪ ಏರಬಹುದು. ಹಾಗಾದರೆ ವೈದ್ಯರೊಡನೆ ಮಾತನಾಡಿ ಬೇರೆ ವಿಧಾನ ಆರಿಸಿಕೊಳ್ಳಬಹುದು. ಬೊಜ್ಜಿನಿಂದ ಮುಟ್ಟು ಏರುಪೇರಾಗಿ ಗರ್ಭ ನಿಲ್ಲದಿರುವ ದಂಪತಿಗಳಿಗೂ ಸಮಾಧಾನದ ಸಂಗತಿಯೊಂದಿದೆ: ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೂ ಅನೇಕರಲ್ಲಿ ಮುಟ್ಟು ಸರಿದಾರಿಗೆ ಬರುತ್ತದೆ.

ಇನ್ನು ನಡಿಗೆ. ದಿನವಿಡೀ ಕಳೆ ಕೀಳುವ, ನಾಟಿ ಮಾಡುವ ತಿಂಗಳುಗಳಲ್ಲಿ ಪ್ರತ್ಯೇಕ ವ್ಯಾಯಾಮ ಬೇಕಿಲ್ಲ. ಹೊಲದ ಕೆಲಸವಿಲ್ಲದಾಗ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಿಧಾನವಾಗಿ ನಡೆಯುವುದರಿಂದ ಆರಂಭಿಸಿರಿ. ಊಟದ ನಂತರದ ನಡಿಗೆ ರಕ್ತದಲ್ಲಿ ಸಕ್ಕರೆ ಏರುವುದನ್ನು ತಡೆಹಿಡಿಯುತ್ತದೆ. ಕ್ರಮೇಣ ಅರ್ಧ ಗಂಟೆಗೆ ಏರಿಸಿ, ವಾರದಲ್ಲಿ ಐದು ದಿನ ನಡೆಯಿರಿ. ಮಾತನಾಡಲು ಉಸಿರಿರಬೇಕು, ಹಾಡಲು ಸಾಲದಂತಿರಬೇಕು; ಅದೇ ಸರಿಯಾದ ವೇಗ. ಹೆಂಗಸೊಬ್ಬಳೇ ಊರ ದಾರಿಯಲ್ಲಿ ತಿರುಗಾಡಿದರೆ ಜನ ಆಡಿಕೊಳ್ಳುವರೆಂಬ ಅಳುಕಿದ್ದಲ್ಲಿ ಗಂಡ ಜೊತೆಗೂಡಲಿ, ಅವನ ಹೊಟ್ಟೆಗೂ ಅದು ಬೇಕಾದದ್ದೇ. ನಡೆಯುವಾಗ ಎದೆ ಹಿಡಿದಂತಾದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಮೊದಲ ವಾರ ತೂಕ ಬೇಗ ಇಳಿದರೆ ಹಿಗ್ಗಬೇಡಿರಿ, ಅದರಲ್ಲಿ ಹೆಚ್ಚಿನದು ನೀರು. ಅನಂತರ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಗರ್ಭಿಣಿಯರೂ, ಎಳೆಗೂಸಿಗೆ ಹಾಲೂಡಿಸುವ ಬಾಣಂತಿಯರೂ ಊಟ ಕಡಿತಗೊಳಿಸಲೇಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ಔಷಧದ ಪ್ರಮಾಣ ಬದಲಿಸದೆ ಅನ್ನ ಮುದ್ದೆ ತಗ್ಗಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿದು ಪ್ರಜ್ಞೆ ತಪ್ಪಬಹುದು. ಅಂಥವರೂ, ಮೂತ್ರಪಿಂಡದ ತೊಂದರೆಯುಳ್ಳವರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡ ಮೇಲೆಯೇ ಊಟ ಬದಲಿಸತಕ್ಕದ್ದು. ಮೂವತ್ತು ವರ್ಷ ದಾಟಿದ ಉಳಿದವರು ರಕ್ತದೊತ್ತಡ ಮತ್ತು ಸಕ್ಕರೆಯನ್ನು ಅಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳಬಹುದು. ಹೋಗುವಾಗ ಇಬ್ಬರೂ ಹೋಗಿರಿ.