ಜಾಲತಾಣಕ್ಕೆ ಎಂಥ ಸಲಕರಣೆ?



ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟರೆ ಕಮಲಾಪುರ ಸಿಗುತ್ತದೆ. ಈಗ ತಾಲ್ಲೂಕು ಕೇಂದ್ರವೂ ಆಗಿರುವ ಆ ಊರಿನ ಹೆಸರು ನಾಡಿಗೆ ಪರಿಚಯವಾದದ್ದು ಅಲ್ಲಿಯ ಕೆಂಪು ಬಾಳೆಯಿಂದ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಣ್ಣು ಅದು. ಅಲ್ಲಿ ಬಾಳೆಯ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ನಗರದಲ್ಲಿರುವ ನಮ್ಮ ಮನೆಗೆ ಬಂದ.

“ಸರ್, ನಮ್ಮ ಬಾಳಿಹಣ್ಣಿಗಿ ಒಂದು ವೆಬ್‌ಸೈಟ್ ಮಾಡಬೇಕಂತ ಮಾಡೀನ್ರಿ. ಯಾವುದರಾಗ ಮಾಡಿದ್ರ ಛಲೋ?” ಎಂದು ಕೇಳಿದ.

“ಕನ್ನಡ ಮಾಸ್ತರನ್ನ ಇದನ್ನ ಕೇಳ್ತೀಯಲ್ಲೋ?” ಎಂದು ನಕ್ಕೆ.

“ನೀವು ಒಂದು ಸಲ ಕಳಕೊಂಡೀರಲ್ರಿ, ಅದಕ್ಕೇ ಬಂದೀನಿ” ಎಂದ.

ಅವನ ಮಾತು ನಿಜ. ಹಲವು ವರ್ಷಗಳ ಹಿಂದೆ ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಮುದುಕಿಯರಿಂದ ಬೀಸುವ ಕಲ್ಲಿನ ಪದಗಳನ್ನು ಕೇಳಿ ಬರೆದುಕೊಂಡಿದ್ದೆ. ಅವನ್ನು ಬಿಟ್ಟಿಯಾಗಿ ಸ್ಥಳ ಕೊಡುವ ಒಂದು ತಾಣದಲ್ಲಿ ನೇರವಾಗಿ ಅಚ್ಚಿಸಿ, ಇನ್ನು ಚಿಂತೆಯಿಲ್ಲವೆಂದು ಟಿಪ್ಪಣಿಯ ಹಾಳೆಗಳನ್ನು ಅಲಕ್ಷಿಸಿದೆ. ಆ ಸಂಸ್ಥೆ ತನ್ನ ಸೇವೆಯನ್ನು ನಿಲ್ಲಿಸಿತು. ಮುನ್ಸೂಚನೆಯ ಪತ್ರ ಮಿಂಚಂಚೆಯಲ್ಲಿ ಬಂದಿತ್ತಂತೆ, ನಾನು ಓದಿರಲಿಲ್ಲ. ಪದಗಳು ಹೋದವು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಆದ್ದರಿಂದ ಈ ವಿಷಯದಲ್ಲಿ ನನಗಿರುವ ಅಧಿಕಾರ ಪಂಡಿತನದಲ್ಲ, ಪೆಟ್ಟು ತಿಂದವನದು.

ಮೊದಲು ಜಾಲತಾಣವೆಂದರೇನೆಂಬುದನ್ನು ನೋಡೋಣ. ಅದರಲ್ಲಿ ಮೂರು ಅಂಗಗಳಿವೆ. ಒಂದು ಹೆಸರು, ಅಂದರೆ ವಿಳಾಸ; ಇದನ್ನು ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಎರಡನೆಯದು ಜಾಗ, ನಮ್ಮ ಪುಟಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಹಗಲಿರುಳೂ ತೋರಿಸುವ ದೂರದ ಒಂದು ಗಣಕಯಂತ್ರ. ಮೂರನೆಯದು ಬರಹ ಮತ್ತು ಚಿತ್ರ. ಸಲಕರಣೆಯೆಂಬುದು ಈ ಮೂರನೆಯದನ್ನು ಪುಟದ ರೂಪಕ್ಕೆ ತರುವ ಸಾಧನ. ಹೊಸಬರು ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದಲೇ ಬಹುಪಾಲು ತೊಡಕುಗಳು ಹುಟ್ಟುತ್ತವೆ.

ಸಲಕರಣೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೈಬರಹದಂಥದು. ನೋಟ್‌ಪ್ಯಾಡಿನಂಥ ಸಾಮಾನ್ಯ ತಂತ್ರಾಂಶದಲ್ಲಿ ಮಾತುಗಳನ್ನು ಬರೆದು, ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಚಿತ್ರ ಎಂದು ಎಚ್‌ಟಿಎಂಎಲ್ ಎಂಬ ಭಾಷೆಯ ಗುರುತುಗಳನ್ನು ಹಚ್ಚುವುದು. ನಾಲ್ಕು ಪುಟಗಳಿಗೆ ಬೇಕಾಗುವ ಗುರುತುಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಹಳಗನ್ನಡದ ಸಂಧಿಗಳಿಗಿಂತ ಇದು ಸುಲಭ! ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1991ರಲ್ಲಿ ತೆರೆದ ಮೊದಲ ತಾಣ ಇಂಥದೇ. ಅದರ ಪುಟಗಳನ್ನು ಇಂದಿನ ಮೊಬೈಲಿನಲ್ಲೂ ಓದಬಹುದು. ಇಂಥ ಕಡತವನ್ನು ಯಾವ ಜಾಗಕ್ಕೆ ಬೇಕಾದರೂ ಒಯ್ಯಬಹುದು. ಆದರೆ ಪ್ರತಿ ತಿದ್ದುಪಡಿಯನ್ನೂ ಕೈಯಿಂದಲೇ ಮಾಡಬೇಕು.

ಎರಡನೆಯದು ಸಿದ್ಧ ಮನೆ. ಗೂಗಲ್ ಸೈಟ್ಸ್, ವಿಕ್ಸ್ ಮೊದಲಾದವು ಈ ಜಾತಿಯವು. ಚಿತ್ರವನ್ನು ಎಳೆದು ತಂದು ಕೂರಿಸಿ, ಮಾತನ್ನು ಬರೆದರೆ ಒಂದು ಸಂಜೆಯಲ್ಲಿ ತಾಣ ಸಿದ್ಧ. ಹೊಸಬರಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಆದರೆ ಇದು ಬಾಡಿಗೆ ಮನೆ. ಇಂಥ ಅನೇಕ ಕಡೆ, ಕಟ್ಟಿದ ಪುಟವನ್ನು ಇದ್ದ ಹಾಗೆಯೇ ಎತ್ತಿ ಬೇರೆಡೆ ನಿಲ್ಲಿಸಲು ಬರುವುದಿಲ್ಲ.

ಮೂರನೆಯದು ವರ್ಡ್‌ಪ್ರೆಸ್‌ನಂಥದು. 2003ರಲ್ಲಿ ಹುಟ್ಟಿದ ಈ ತಂತ್ರಾಂಶ ಮುಕ್ತವಾದದ್ದು. ಬೇಕಾದ ಜಾಗದಲ್ಲಿ ನೆಲೆಗೊಳಿಸಬಹುದು, ಬರಹಗಳನ್ನು ಒಟ್ಟಾಗಿ ಹೊರತೆಗೆದುಕೊಳ್ಳಬಹುದು. ಮೇಲಿಂದ ಮೇಲೆ ಹೊಸ ಬರಹ ಸೇರಿಸುವವರಿಗೆ ಇದು ಒಪ್ಪುತ್ತದೆ. ಆದರೆ ಸ್ವಂತ ಮನೆಯಾದ್ದರಿಂದ ದುರಸ್ತಿಯೂ ನಮ್ಮದೇ. ಹೊಸ ಆವೃತ್ತಿಗಳನ್ನು ಹಾಕಿಕೊಳ್ಳದೆ ಬಿಟ್ಟರೆ ಕಳ್ಳರಿಗೆ ಕಿಂಡಿ ತೆರೆದಂತೆ.

ಇಲ್ಲಿ ಕನ್ನಡಿಗರಾದ ನಮಗೆ ಇನ್ನೊಂದು ಎಚ್ಚರಿಕೆ ಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅದೇ ಬರಹ ಅರ್ಥವಿಲ್ಲದ ಗೀಟುಗಳ ರಾಶಿಯಾಗಿ ಕಾಣುತ್ತದೆ; ಹುಡುಕಿದವರಿಗೆ ಸಿಗುವುದೂ ಇಲ್ಲ. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಟ್ಟಿದೆ. ಜಾಲತಾಣದ ಕನ್ನಡ ಯೂನಿಕೋಡಿನಲ್ಲಿಯೇ ಇರಬೇಕು. ಹಳೆಯ ಕಡತಗಳನ್ನು ಬದಲಿಸಿಕೊಡುವ ಪರಿವರ್ತಕಗಳೂ ಇವೆ.

ಹಾಗಾದರೆ ಯಾವುದನ್ನು ಆರಿಸಬೇಕು? ಅಂದಚಂದ, ಅಗ್ಗ, ಸುಲಭ ಎಂಬವುಗಳನ್ನು ಎಲ್ಲರೂ ನೋಡುತ್ತಾರೆ. ನಾನು ಹೇಳುವುದು, ಒಳಗೆ ಹೋಗುವ ಮುನ್ನ ಹೊರಬರುವ ಬಾಗಿಲನ್ನು ನೋಡಿರಿ ಎಂದು. ಈ ಸಂಸ್ಥೆ ನಾಳೆ ಮುಚ್ಚಿದರೆ ನನ್ನ ಮಾತುಗಳನ್ನು ನಾನು ಹೊತ್ತು ತರಬಲ್ಲೆನೇ? ಇದು ಕೇವಲ ಭಯವಲ್ಲ. 1994ರಲ್ಲಿ ಆರಂಭವಾಗಿ ಲಕ್ಷಾಂತರ ಜನರಿಗೆ ಬಿಟ್ಟಿ ಪುಟಗಳನ್ನು ಕೊಟ್ಟಿದ್ದ ಜಿಯೋಸಿಟೀಸ್ ಅಮೆರಿಕದಲ್ಲಿ 2009ರಲ್ಲಿ ಮುಚ್ಚಿತು. ದೂರದೃಷ್ಟಿಯ ಕೆಲವರು ಪ್ರತಿ ಮಾಡಿಟ್ಟದ್ದರಿಂದ ಅದರಲ್ಲಿ ಒಂದು ಪಾಲು ಉಳಿಯಿತು.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠವಾಗಬೇಕಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲದ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಅರಮನೆಗಳು ಅಳಿದವು. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಉಳಿಯಿತು. ಓಲೆಯಿಂದ ಓಲೆಗೆ ಪ್ರತಿ ಮಾಡಿದ ಕೈಗಳು ಅದನ್ನು ಉಳಿಸಿದವು, 1898ರಲ್ಲಿ ಕೆ. ಬಿ. ಪಾಠಕರು ಅಚ್ಚಿಗೆ ತಂದರು. ಓಲೆ ಬದಲಾಯಿತು, ಕಂಟ ಬದಲಾಯಿತು, ಮಾತು ದಾಟಿ ಬಂದಿತು.

ನನ್ನ ವಿದ್ಯಾರ್ಥಿಗೆ ಬೇಕಿದ್ದುದು ನಾಲ್ಕೇ ಪುಟ: ಹಣ್ಣಿನ ಪರಿಚಯ, ತೋಟದ ಚಿತ್ರ, ಹಣ್ಣು ಸಿಗುವ ಕಾಲ, ದಾರಿ ಮತ್ತು ದೂರವಾಣಿ. ಯಾರೋ ಒಬ್ಬರು ಇದಕ್ಕೆ ಅವನ ಒಂದು ಹಂಗಾಮಿನ ಗೊಬ್ಬರದ ಖರ್ಚಿನಷ್ಟು ಹಣ ಕೇಳಿದ್ದರಂತೆ. ಅದು ಬೇಡವೆಂದೆ. ಹೆಸರನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿಕೊಳ್ಳಲು ಹೇಳಿದೆ. ಹೆಸರು ನಮ್ಮದಾಗಿದ್ದರೆ ಮನೆ ಬದಲಿಸಿದರೂ ವಿಳಾಸ ಬದಲಾಗದು. ಬರಹವನ್ನು ಮೊದಲು ಯೂನಿಕೋಡಿನಲ್ಲಿ ತನ್ನದೇ ಕಡತದಲ್ಲಿ ಬರೆದು, ಚಿತ್ರಗಳೊಡನೆ ಎರಡು ಕಡೆ ಇಟ್ಟುಕೊಂಡು, ಆಮೇಲೆ ಸಿದ್ಧ ಮನೆಯೊಂದರಲ್ಲಿ ಕೂರಿಸಿದರೆ ಅವನಿಗೆ ಸಾಕು. ಚಿತ್ರಗಳ ಗಾತ್ರವನ್ನು ಕುಗ್ಗಿಸಲು ಮರೆಯಬಾರದು. ಇಲ್ಲವಾದರೆ ಸಂಪರ್ಕ ಕ್ಷೀಣವಾಗಿರುವ ಹಳ್ಳಿಗಳಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿಯ ತಾಳ್ಮೆ ಮುಗಿದಿರುತ್ತದೆ.

ಹೊರಡುವಾಗ ಅವನು, “ನಿಮ್ಮ ಪದಗಳು ಏನಾದ್ವು, ಸರ್?” ಎಂದು ಕೇಳಿದ. ನೆನಪಿಗೆ ಬಂದಷ್ಟನ್ನು ಮತ್ತೆ ಬರೆಯುತ್ತಿದ್ದೇನೆ. ಈ ಸಲ ಮೊದಲು ನೋಟುಪುಸ್ತಕದಲ್ಲಿ.