ಮನೆಮಾತಿಗೆ ಮೊಬೈಲಿನ ದಾರಿ

ತಮಿಳುನಾಡಿನ ಸೇಲಂ ಜಿಲ್ಲೆಯ ದೇವಾಂಗ ನೇಕಾರರಲ್ಲಿ ಹಲವರ ಮನೆಮಾತು ಕನ್ನಡ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿಯಲ್ಲೂ ಕನ್ನಡ ಕುಟುಂಬಗಳಿವೆ. ಓದುಬರಹ ಮಾತ್ರ ಬಹುಪಾಲು ತಮಿಳಿನಲ್ಲೇ. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ಹೀಗಾಗಿ ಕನ್ನಡ ಲಿಪಿ ಬಾರದ ಮಗುವಿಗೂ ಕನ್ನಡದ ಹಾಡು, ಕಥೆ ಕೇಳಿಸಬಲ್ಲ ಮೊಬೈಲ್ ಇಲ್ಲಿ ಬರೀ ಆಟಿಕೆಯಲ್ಲ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕೋವಿಡ್ ಕಾಲದ ಆನ್‌ಲೈನ್ ಪಾಠ ಫೋನನ್ನು ಮಕ್ಕಳ ಕೈಗಿತ್ತಿತು. ಮಕ್ಕಳ ಹಾಡುಗಳ ಯೂಟ್ಯೂಬ್ ವಾಹಿನಿ, ಚೆನ್ನೈನ ಚುಚು ಟಿವಿ 2013ರಲ್ಲೇ ಶುರುವಾಗಿತ್ತು. ಬೆಂಗಳೂರಿನ ಇನ್ಫೋಬೆಲ್ಸ್ ಕನ್ನಡ, ತಮಿಳು ಎರಡರಲ್ಲೂ ಶಿಶುಗೀತೆಗಳ ಅನಿಮೇಷನ್ ತಯಾರಿಸುತ್ತದೆ.

ನೋಡಲು ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಇಂಥ ವಿಡಿಯೊಗಳ ಮುಖ್ಯ ಆದಾಯ ಜಾಹೀರಾತು. ನೋಡುಗರು ಹೆಚ್ಚಿರುವ ಭಾಷೆಯತ್ತಲೇ ಹಣ ಹರಿಯುತ್ತದೆ. 2020ರ ಜನವರಿಯಿಂದ ಯೂಟ್ಯೂಬ್ ಮಕ್ಕಳ ವಿಡಿಯೊಗಳಿಗೆ ವ್ಯಕ್ತಿಗತ ಜಾಹೀರಾತು ನಿಲ್ಲಿಸಿದಾಗ ಆ ವರಮಾನಕ್ಕೂ ಪೆಟ್ಟು ಬಿತ್ತು. ಗಡಿಯಾಚೆಯ ಕನ್ನಡ ಮಗುವನ್ನೇ ನೆನೆದು ಯಾರು ಬಂಡವಾಳ ಹಾಕಿಯಾರು?

ಅದಕ್ಕೇ ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣ ದೊಡ್ಡ ಆಸರೆ. ಅಲ್ಲಿನ ಚಿತ್ರಕಥೆಗಳು ಉಚಿತ, ಅನುವಾದಕ್ಕೂ ಮುಕ್ತ. ತಮಿಳು ಓದಬಲ್ಲ ತಾಯಿ ಕಥೆಯನ್ನು ಕನ್ನಡದಲ್ಲಿ ಹೇಳಬಹುದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಥೆಗೆ ಅಷ್ಟು ಹೊತ್ತು ಧಾರಾಳ.